ಮುಕ್ತಾಯದ ಋಣ

ವರ್ಷಗಟ್ಟಲೆ ಜೊತೆಗಿದ್ದ ಕಥೆಯೊಂದು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಾಗ ಹುಟ್ಟುವ ನಿರಾಸೆಯನ್ನು ಹುಡುಗಾಟವೆಂದು ತಳ್ಳಿಹಾಕುವುದು ವಾಡಿಕೆಯಾಗಿದ್ದು, ಆ ಕಥೆ ವಿಡಿಯೋ ಗೇಮಿನದ್ದಾಗಿದ್ದರಂತೂ ಅದರ ಬಗ್ಗೆ ಗಂಭೀರವಾಗಿ ಮಾತನಾಡುವುದೇ ಅತಿರೇಕವೆಂದು ಅನೇಕರು ಭಾವಿಸುತ್ತಾರೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದ ಆಸುಪಾಸಿನಲ್ಲಿರುವ ಬಾಪೂಜಿ ನಗರದಂತಹ ಬಡಾವಣೆಯ ಮನೆಗಳಲ್ಲಿ ಸಂಜೆಯ ಹೊತ್ತು ಎರಡು ಪರದೆಗಳು ಒಟ್ಟಿಗೇ ಬೆಳಗುತ್ತವೆ: ನಡುಮನೆಯ ಟಿ.ವಿ.ಯಲ್ಲಿ ಹಿರಿಯರ ಧಾರಾವಾಹಿ, ಒಳಗಿನ ಕೋಣೆಯ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕಿರಿಯರ ಗೇಮ್. ಎರಡೂ ಪರದೆಗಳ ಮುಂದೆ ಕೂತವರ ದೂರು ಕೊನೆಗೆ ಒಂದೇ ಆಗಿರುತ್ತದೆ ಎಂಬುದನ್ನು ಗಮನಿಸಿದರೆ, ಈ ನಿರಾಸೆ ವಯಸ್ಸಿಗೂ ಯಂತ್ರಕ್ಕೂ ಸಂಬಂಧಿಸಿದ್ದಲ್ಲ, ಕಥೆ ಹೇಳುವವರು ಮತ್ತು ಕೇಳುವವರ ನಡುವಿನ ಬಹಳ ಹಳೆಯ ಒಪ್ಪಂದಕ್ಕೆ ಸಂಬಂಧಿಸಿದ್ದು ಎಂಬುದು ಸ್ಪಷ್ಟವಾಗುತ್ತದೆ.

ಮೊದಲಿಗೆ ಒಂದು ಭೇದವನ್ನು ಗುರುತಿಸಬೇಕು. ಇಂದು ಮೊಬೈಲಿನಲ್ಲಿ ಬಹುಜನರು ಆಡುವ ಬಿಜಿಎಂಐನಂತಹ ಗೇಮುಗಳಿಗೆ ಮುಕ್ತಾಯವೆಂಬುದೇ ಇಲ್ಲ. ಒಂದು ಸುತ್ತು ಮುಗಿದರೆ ಮತ್ತೊಂದು ಸುತ್ತು ತೆರೆದುಕೊಳ್ಳುತ್ತದೆ, ಸೋಲು ಗೆಲುವುಗಳು ಆ ಸುತ್ತಿನೊಳಗೇ ಕರಗಿಹೋಗುತ್ತವೆ. ಕಥಾಪ್ರಧಾನ ಗೇಮ್ ಎನ್ನಬಹುದಾದ ಇನ್ನೊಂದು ಬಗೆಯಲ್ಲಿ ಕಾದಂಬರಿಯಂತೆ ಆದಿ, ಮಧ್ಯ, ಅಂತ್ಯಗಳಿದ್ದು, ಆಡುವವರು ಮೂವತ್ತು ನಲವತ್ತು ಗಂಟೆಗಳ ಕಾಲ ಒಂದು ಪಾತ್ರವಾಗಿ ಬದುಕಿ, ಅದರ ಪರವಾಗಿ ತೀರ್ಮಾನಗಳನ್ನು ಕೈಗೊಂಡು, ಅವುಗಳ ಫಲವನ್ನು ಅನುಭವಿಸುತ್ತಾರೆ. ಆಟ ಎಲ್ಲಿಯವರೆಗೆ ಬಂದಿದೆ, ಯಾವ ತೀರ್ಮಾನಗಳಾಗಿವೆ ಎಂಬುದನ್ನು ಕಂಪ್ಯೂಟರು ನೆನಪಿಟ್ಟುಕೊಳ್ಳುವ ಕಡತಕ್ಕೆ ಸೇವ್ ಫೈಲ್ ಎನ್ನುತ್ತಾರೆ. ಸೈಬರ್ ಸೆಂಟರುಗಳಲ್ಲಿ ಗಂಟೆಗಿಷ್ಟು ಎಂದು ಹಣ ಕೊಟ್ಟು ಆಡುತ್ತಿದ್ದ ಕಾಲದಲ್ಲಿ, ಹತ್ತಾರು ಜನರ ಕೈ ಹಾಯುವ ಯಂತ್ರದಲ್ಲಿ ಇಂಥ ಕಡತವನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿದ್ದರಿಂದ, ಗುಂಡು ಹಾರಿಸುವ ಮತ್ತು ಕಾರು ಓಡಿಸುವ ಗೇಮುಗಳು ಅಲ್ಲಿ ಮೆರೆದವು. ಉದ್ದನೆಯ ಕಥೆಯ ಗೇಮುಗಳು ಮನೆಗೆ ಸ್ವಂತ ಕಂಪ್ಯೂಟರು ಬಂದ ಮೇಲೆಯೇ ನಮ್ಮ ಬಡಾವಣೆಗಳ ಹುಡುಗ ಹುಡುಗಿಯರಿಗೆ ನಿಜವಾಗಿ ದಕ್ಕಿದವು.

ಮೂರು ಬಣ್ಣ, ಒಂದೇ ರುಚಿ

ಮುಕ್ತಾಯದ ಬಗೆಗಿನ ಅಸಮಾಧಾನ ಲೋಕದ ಗಮನ ಸೆಳೆದದ್ದು 2012ರಲ್ಲಿ, ‘ಮಾಸ್ ಎಫೆಕ್ಟ್’ ಸರಣಿಯ ಮೂರನೆಯ ಭಾಗ ಬಿಡುಗಡೆಯಾದಾಗ. ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆ ರೂಪಿಸಿದ ಈ ಸರಣಿಯ ಮೊದಲ ಭಾಗ 2007ರಲ್ಲಿ, ಎರಡನೆಯದು 2010ರಲ್ಲಿ ಬಂದಿದ್ದವು. ಕಮಾಂಡರ್ ಶೆಪರ್ಡ್ ಎಂಬ ಸೇನಾಧಿಕಾರಿಯ ಪಾತ್ರವನ್ನು ಹೊತ್ತ ಆಟಗಾರರು, ನಕ್ಷತ್ರಲೋಕದ ಹಲವು ಕುಲಗಳನ್ನು ಒಗ್ಗೂಡಿಸಿ, ಯುಗಯುಗಕ್ಕೊಮ್ಮೆ ಬಂದು ನಾಗರಿಕತೆಗಳನ್ನು ಅಳಿಸಿಹಾಕುವ ರೀಪರ್‌ಗಳೆಂಬ ಯಂತ್ರಗಳನ್ನು ಎದುರಿಸಬೇಕಿತ್ತು. ಈ ಸರಣಿಯ ಹೆಚ್ಚುಗಾರಿಕೆಯೆಂದರೆ ಮೊದಲ ಭಾಗದ ಸೇವ್ ಫೈಲನ್ನು ಎರಡನೆಯದಕ್ಕೂ, ಎರಡನೆಯದನ್ನು ಮೂರನೆಯದಕ್ಕೂ ಒಯ್ಯಬಹುದಾಗಿತ್ತು. ಅಂದರೆ 2007ರಲ್ಲಿ ಸಾವಿನ ದವಡೆಯಿಂದ ಉಳಿಸಿದ ಜೊತೆಗಾರ 2012ರಲ್ಲಿ ಎದುರಿಗೆ ಬಂದು ಮಾತನಾಡುತ್ತಿದ್ದ, ಕೈಬಿಟ್ಟವನ ಜಾಗ ಖಾಲಿಯೇ ಉಳಿಯುತ್ತಿತ್ತು.

ಇಷ್ಟು ದೀರ್ಘವಾಗಿ ಕಾಪಾಡಿಕೊಂಡು ಬಂದ ಈ ನಂಟನ್ನು ಕೊನೆಯ ಹತ್ತು ನಿಮಿಷಗಳು ಸಡಿಲಗೊಳಿಸಿದವು. ಅಲ್ಲಿಯವರೆಗೆ ಸುಳಿವೇ ಇಲ್ಲದಿದ್ದ, ಮಗುವಿನ ರೂಪದ ಒಂದು ಶಕ್ತಿ ಪ್ರತ್ಯಕ್ಷವಾಗಿ, ಜೀವಿಗಳೂ ಜೀವಿಗಳು ಸೃಷ್ಟಿಸಿದ ಯಂತ್ರಗಳೂ ಎಂದಿಗೂ ಒಟ್ಟಿಗೆ ಬಾಳಲಾರವು ಎಂದು ಸಾರಿ, ರೀಪರ್‌ಗಳನ್ನು ನಾಶಮಾಡುವುದು, ಅವುಗಳ ನಿಯಂತ್ರಣ ಪಡೆಯುವುದು, ಜೀವವನ್ನೂ ಯಂತ್ರವನ್ನೂ ಬೆಸೆಯುವುದು ಎಂಬ ಮೂರು ದಾರಿಗಳನ್ನು ಮುಂದಿಟ್ಟಿತು. ಅದೇ ಭಾಗದಲ್ಲಿ ಕೆಲವೇ ಗಂಟೆಗಳ ಹಿಂದೆ ಕ್ವೇರಿಯನ್ನರೆಂಬ ಜನಾಂಗಕ್ಕೂ ಅವರೇ ನಿರ್ಮಿಸಿದ ಗೆತ್ ಯಂತ್ರಗಳಿಗೂ ಸಂಧಾನ ಮಾಡಿಸಿ ಶಾಂತಿ ತಂದಿದ್ದ ಆಟಗಾರರಿಗೆ, ತಾವು ಕಣ್ಣಾರೆ ಕಂಡ ಆ ಸತ್ಯವನ್ನು ಎತ್ತಿ ಹೇಳುವ ಅವಕಾಶವೇ ಇರಲಿಲ್ಲ. ಯಾವ ದಾರಿ ಹಿಡಿದರೂ ತೆರೆಯ ಮೇಲೆ ಕಂಡ ದೃಶ್ಯಗಳು ಹೆಚ್ಚುಕಡಿಮೆ ಒಂದೇ ಆಗಿದ್ದು, ಸ್ಫೋಟದ ಬೆಳಕು ಮಾತ್ರ ಕೆಂಪು, ನೀಲಿ, ಹಸಿರು ಎಂದು ಬದಲಾಗುತ್ತಿತ್ತು. ಜೊತೆಗಾರರ ಗತಿ ಏನಾಯಿತು, ಉಳಿಸಿದ ಲೋಕಗಳು ಉಳಿದವೇ ಎಂಬ ಪ್ರಶ್ನೆಗಳಿಗೆ ಉತ್ತರವೇ ದೊರೆಯಲಿಲ್ಲ. ಎ, ಬಿ, ಸಿ ಎಂದು ಗುರುತು ಹಾಕುವಂತಹ ಮುಕ್ತಾಯ ಇದರಲ್ಲಿ ಇರುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಗೇಮಿನ ನಿರ್ದೇಶಕ ಕೇಸಿ ಹಡ್ಸನ್ ಬಿಡುಗಡೆಗೆ ಮುನ್ನ ಆಡಿದ್ದರಿಂದ ನೋವು ಇನ್ನಷ್ಟು ಆಳಕ್ಕಿಳಿಯಿತು.

ಅಭಿಮಾನಿಗಳ ಪ್ರತಿಭಟನೆ ಹಿಡಿದ ದಾರಿ ಗಮನಾರ್ಹವಾದುದು. ಅವರು ಒಂದು ಆಂದೋಲನ ಕಟ್ಟಿ, ಆಸ್ಪತ್ರೆಗಳಲ್ಲಿರುವ ಮಕ್ಕಳಿಗೆ ಆಟಿಕೆ ಮತ್ತು ಗೇಮುಗಳನ್ನು ಒದಗಿಸುವ ‘ಚೈಲ್ಡ್ಸ್ ಪ್ಲೇ’ ಎಂಬ ದತ್ತಿ ಸಂಸ್ಥೆಗೆ 80,000 ಡಾಲರಿಗೂ ಹೆಚ್ಚು ಹಣ ಸಂಗ್ರಹಿಸಿಕೊಟ್ಟರು; ಬಯೋವೇರ್ ಕಚೇರಿಗೆ ಕೆಂಪು, ನೀಲಿ, ಹಸಿರು ಬಣ್ಣದ 400ರಷ್ಟು ಕಪ್‌ಕೇಕುಗಳನ್ನು ಕಳುಹಿಸಿದರು. ಹೊರಗಿನ ಬಣ್ಣ ಮೂರಾದರೂ ಎಲ್ಲದರ ರುಚಿಯೂ ವೆನಿಲಾ ಒಂದೇ ಆಗಿದ್ದು, ದೂರಿನ ಸಾರಾಂಶವನ್ನು ಯಾವ ವಿಮರ್ಶಾ ಲೇಖನಕ್ಕಿಂತಲೂ ಚೊಕ್ಕವಾಗಿ ಅದು ಹೇಳಿತು. ಸಂಸ್ಥಾಪಕರಲ್ಲೊಬ್ಬರಾದ ರೇ ಮುಜಿಕಾ ಮಾರ್ಚ್ 21ರಂದು ಬಹಿರಂಗ ಪತ್ರ ಬರೆದು ಅಭಿಮಾನಿಗಳ ನೋವನ್ನು ಒಪ್ಪಿಕೊಂಡರು. ಜೂನ್ 26ರಂದು ‘ಎಕ್ಸ್‌ಟೆಂಡೆಡ್ ಕಟ್’ ಎಂಬ ವಿಸ್ತೃತ ಮುಕ್ತಾಯ ಉಚಿತವಾಗಿ ಬಿಡುಗಡೆಯಾಯಿತು. ಅದರಲ್ಲಿ ಮೂಲದ ಮೂರು ದಾರಿಗಳು ಹಾಗೆಯೇ ಉಳಿದು, ಪ್ರತಿಯೊಂದರ ಪರಿಣಾಮವನ್ನು ಬಿಡಿಸಿ ಹೇಳುವ ದೃಶ್ಯಗಳು ಸೇರಿದವಲ್ಲದೆ, ಮೂರನ್ನೂ ನಿರಾಕರಿಸುವ ನಾಲ್ಕನೆಯ ದಾರಿಯೊಂದು ತೆರೆಯಿತು. ಎಲ್ಲರಿಗೂ ಸಮಾಧಾನವಾಗದಿದ್ದರೂ, ಕೇಳುವವರ ಮಾತಿಗೆ ಹೇಳುವವರು ಕಿವಿಗೊಟ್ಟ ನಿದರ್ಶನವಾಗಿ ಅದು ಉಳಿಯಿತು.

ದುಃಖಾಂತದ ಮೇಲೆ ಆರೋಪವಿಲ್ಲ

ಇಂಥ ಪ್ರತಿಭಟನೆಗಳೆಲ್ಲ ಸುಖಾಂತಕ್ಕಾಗಿ ಹಿಡಿದ ಹಟವೆಂಬ ಅಭಿಪ್ರಾಯ ಪರಿಶೀಲನೆಗೆ ನಿಲ್ಲುವುದಿಲ್ಲ. 2018ರಲ್ಲಿ ಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಗೇಮಿನ ನಾಯಕ ಆರ್ಥರ್ ಮಾರ್ಗನ್ ಕ್ಷಯರೋಗದಿಂದ ಸವೆಯುತ್ತ ಕೊನೆಗೆ ಸಾಯುತ್ತಾನೆ; ಅವನನ್ನು ಉಳಿಸಿಕೊಳ್ಳುವ ದಾರಿಯೇ ಆಟಗಾರರಿಗೆ ಇಲ್ಲ. ಹೀಗಿದ್ದೂ ಆ ಮುಕ್ತಾಯವನ್ನು ಗೇಮ್ ಲೋಕ ತಲೆಯ ಮೇಲೆ ಹೊತ್ತು ಮೆರೆಸಿತು. ಗೇಮಿನುದ್ದಕ್ಕೂ ಆರ್ಥರ್ ನಡೆದುಕೊಂಡ ರೀತಿಯನ್ನು ಅಳೆಯುವ ಒಂದು ಮಾನದಂಡವಿದ್ದು, ಸಜ್ಜನನಾಗಿ ಬಾಳಿದವನ ಸಾವಿಗೂ ಕ್ರೂರಿಯಾಗಿ ಬಾಳಿದವನ ಸಾವಿಗೂ ಅಂತರವಿರುವಂತೆ ರೂಪಿಸಿದ್ದರಿಂದ, ಸಾವು ಅನಿವಾರ್ಯವಾದರೂ ಬದುಕು ವ್ಯರ್ಥವಾಗಲಿಲ್ಲ ಎಂಬ ಭಾವ ಆಡಿದವರಲ್ಲಿ ಉಳಿಯಿತು. ಈ ಗೇಮನ್ನು ರೂಪಿಸಿದ ರಾಕ್‌ಸ್ಟಾರ್ ಸಂಸ್ಥೆಯ ಹಲವು ತಂಡಗಳಲ್ಲಿ ಬೆಂಗಳೂರಿನ ತಂಡವೂ ಒಂದೆಂಬುದು ಕನ್ನಡ ನಾಡಿನ ಓದುಗರು ತಿಳಿಯಬೇಕಾದ ಸಂಗತಿ.

ಕನ್ನಡದ ಪ್ರೇಕ್ಷಕರ ಅನುಭವವೂ ಇದನ್ನೇ ಹೇಳುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ (1971), ಉಷಾ ನವರತ್ನರಾಂ ಅವರ ಕಾದಂಬರಿಯಿಂದ ಬಂದ ‘ಬಂಧನ’ (1984), ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಈ ಮೂರರಲ್ಲಿ ಒಂದೂ ಸುಖಾಂತದ ಚಿತ್ರವಲ್ಲ. ಆದರೂ ಜನ ಅವನ್ನು ಎದೆಗೊತ್ತಿಕೊಂಡರು, ಏಕೆಂದರೆ ಆ ಕಣ್ಣೀರು ಕಥೆಯ ಮೊದಲಿನಿಂದಲೇ ಹನಿಹನಿಯಾಗಿ ಕೂಡುತ್ತ ಬಂದಿತ್ತು. ಇದಕ್ಕೆ ಪ್ರತಿಯಾಗಿ, ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ಧಾರಾವಾಹಿ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಆರಂಭವಾಗಿ 2020ರ ಲಾಕ್‌ಡೌನ್ ಕಾಲದಲ್ಲಿ ಅರ್ಧಕ್ಕೇ ನಿಂತುಹೋದಾಗ, ವೀಕ್ಷಕರನ್ನು ಕಾಡಿದ್ದು ದುಃಖಾಂತವೂ ಅಲ್ಲ, ಸುಖಾಂತವೂ ಅಲ್ಲ, ಅಂತ್ಯವೇ ಇಲ್ಲದ ಸ್ಥಿತಿ. ಅದನ್ನು ಮುಂದುವರಿಸಬೇಕೆಂದು ಅವರು ಕೇಳಿಕೊಂಡದ್ದರ ಹಿಂದೆ ಇದ್ದದ್ದು ಬಿಡುವಿನ ಹೊತ್ತು ಕಳೆಯುವ ಆಸೆಯಷ್ಟೇ ಆಗಿರಲಿಲ್ಲ. ಎರಡು ವರ್ಷ ದಿನವೂ ಸಮಯ ಕೊಟ್ಟು ಬೆಳೆಸಿದ ಪರಿಚಯವೊಂದಕ್ಕೆ ಸರಿಯಾದ ಬೀಳ್ಕೊಡುಗೆ ಬೇಕೆಂಬ ಬೇಡಿಕೆ ಅದರಲ್ಲಿತ್ತು. 1998ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಬಂದ ‘ಮಾಯಾಮೃಗ’ದ ಪಾತ್ರಗಳು ಎರಡು ದಶಕಗಳ ಬಳಿಕ, 2022ರಲ್ಲಿ, ‘ಮತ್ತೆ ಮಾಯಾಮೃಗ’ವಾಗಿ ಮರಳಿ ಬಂದದ್ದು ಇಂಥ ನಂಟು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಸಾಕ್ಷಿ.

ಮೂವರು ಕವಿಗಳು, ಮೂರು ಪಟ್ಟಾಭಿಷೇಕ

ಮುಕ್ತಾಯವನ್ನು ಬದಲಿಸುವುದೇ ತಪ್ಪೆಂದೂ ಹೇಳಲಾಗದು. ಕನ್ನಡ ಕಾವ್ಯ ಪರಂಪರೆಯೇ ಅದಕ್ಕೆ ಉತ್ತರವಾಗಿ ನಿಂತಿದೆ. ಮಹಾಭಾರತದ ಯುದ್ಧ ಮುಗಿದ ಮೇಲೆ ಸಿಂಹಾಸನವೇರುವವನು ಧರ್ಮರಾಯನೆಂಬುದು ಲೋಕಕ್ಕೆಲ್ಲ ತಿಳಿದ ಕಥೆ. ಆದರೆ 941ರ ಸುಮಾರಿನಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನಲ್ಲಿ ಸುಭದ್ರೆಯೊಡನೆ ಪಟ್ಟವೇರುವವನು ಅರ್ಜುನ, ‘ಸಾಹಸಭೀಮ ವಿಜಯ’ವೆಂಬ ‘ಗದಾಯುದ್ಧ’ವನ್ನು ಬರೆದ ರನ್ನನಲ್ಲಿ ದ್ರೌಪದಿಯೊಡನೆ ಪಟ್ಟವೇರುವವನು ಭೀಮ, ಕುಮಾರವ್ಯಾಸನಾದರೋ ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ತನ್ನ ಕಾವ್ಯವನ್ನು ನಿಲ್ಲಿಸಿ ಧರ್ಮರಾಯನಿಗೇ ಪಟ್ಟ ಕಟ್ಟಿದ, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರೈಸಿದ. ಪಂಪನಿಗೆ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ, ರನ್ನನಿಗೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸುವ ಅಗತ್ಯವಿತ್ತು ಎಂಬುದು ನಿಜ. ಆದರೆ ಸಾವಿರ ವರ್ಷಗಳ ಓದುಗರು ಆ ಮುಕ್ತಾಯಗಳನ್ನು ಒಪ್ಪಿಕೊಂಡದ್ದಕ್ಕೆ ಕಾರಣ ಅರಸರ ಭಯವಾಗಿರಲಾರದು. ಪಂಪ ಆರಂಭದಿಂದಲೇ ಅರ್ಜುನನನ್ನು ಕಥಾನಾಯಕನಾಗಿ ಬೆಳೆಸುತ್ತ ಬಂದಿದ್ದರಿಂದಲೂ, ರನ್ನ ಭೀಮನ ಪ್ರತಿಜ್ಞೆಯ ಸುತ್ತಲೇ ಇಡೀ ಕಾವ್ಯವನ್ನು ಹೆಣೆದಿದ್ದರಿಂದಲೂ, ಅವರವರ ಕಾವ್ಯದೊಳಗೆ ಆ ಪಟ್ಟಾಭಿಷೇಕಗಳು ಸಲ್ಲುವ ಮುಕ್ತಾಯಗಳೇ ಆಗಿವೆ.

ಭರತನ ನಾಟ್ಯಶಾಸ್ತ್ರ ಈ ತತ್ತ್ವವನ್ನು ಸೂತ್ರರೂಪದಲ್ಲಿ ಹಿಡಿದಿಟ್ಟಿದೆ. ನಾಟಕದ ಕಥಾವಸ್ತು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳ ಮೂಲಕ ಸಾಗಬೇಕೆಂದು ಅದು ವಿಧಿಸುತ್ತದೆ. ಸಂಧಿಯೆಂದರೆ ಕಥೆಯ ಒಂದು ಘಟ್ಟ ಮತ್ತೊಂದಕ್ಕೆ ಕೂಡಿಕೊಳ್ಳುವ ಭಾಗ. ಮುಖಸಂಧಿಯಲ್ಲಿ ಬಿತ್ತಿದ ಬೀಜ ನಡುವಿನ ಸಂಧಿಗಳಲ್ಲಿ ಮೊಳೆತು, ಮರೆಯಾಗಿ, ಮತ್ತೆ ಕಂಡು, ಕೊನೆಯ ನಿರ್ವಹಣ ಸಂಧಿಯಲ್ಲಿ ಚದುರಿದ್ದೆಲ್ಲವೂ ಒಂದೆಡೆ ಸೇರಿ ಫಲವಾಗಬೇಕು. ಈ ಅಳತೆಯಿಂದ ನೋಡಿದರೆ ‘ಮಾಸ್ ಎಫೆಕ್ಟ್ 3’ರ ದೋಷ ಸ್ಪಷ್ಟವಾಗುತ್ತದೆ: ಆಟಗಾರರು ತಾವೇ ಬಿತ್ತಿದ ನೂರಾರು ಬೀಜಗಳು ಅಲ್ಲಿದ್ದವು, ಆದರೆ ನಿರ್ವಹಣದಲ್ಲಿ ಬಂದ ಫಲ ಬೇರೆಲ್ಲಿಂದಲೋ ತಂದದ್ದಾಗಿತ್ತು. 2008ರ ‘ಫಾಲ್ಔಟ್ 3’ ಗೇಮಿನಲ್ಲೂ ಇದೇ ಕೊರತೆ ಬೇರೊಂದು ರೂಪದಲ್ಲಿ ಕಾಣಿಸಿತು. ವಿಕಿರಣ ತುಂಬಿದ ಕೋಣೆಗೆ ನಾಯಕನೋ ಇನ್ನೊಬ್ಬರೋ ನುಗ್ಗಿ ಪ್ರಾಣ ಬಿಡಬೇಕಾದ ಆ ಕ್ಲೈಮ್ಯಾಕ್ಸಿನಲ್ಲಿ, ವಿಕಿರಣ ತಾಗದ ದೇಹವುಳ್ಳ ಜೊತೆಗಾರನೊಬ್ಬ ಪಕ್ಕದಲ್ಲೇ ನಿಂತಿದ್ದರೂ ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಇದು ತರ್ಕಕ್ಕೆ ನಿಲ್ಲುವುದಿಲ್ಲವೆಂದು ಆಡಿದವರು ಎತ್ತಿ ತೋರಿಸಿದರು. 2009ರಲ್ಲಿ ಬಂದ ‘ಬ್ರೋಕನ್ ಸ್ಟೀಲ್’ ಎಂಬ ಹೆಚ್ಚುವರಿ ಭಾಗ, ಆ ಜೊತೆಗಾರನನ್ನೇ ಒಳಗೆ ಕಳುಹಿಸುವ ಅವಕಾಶವನ್ನು ಕೊಟ್ಟು ತಪ್ಪನ್ನು ತಿದ್ದಿತು.

ಹಕ್ಕು ಮತ್ತು ಎಲ್ಲೆ

ಅಭಿಮಾನಿಗಳಿಗೆ ಕೇಳುವ ಹಕ್ಕಿದೆ ಎಂದಮಾತ್ರಕ್ಕೆ ಆ ಹಕ್ಕಿಗೆ ಎಲ್ಲೆಯಿಲ್ಲವೆಂದಲ್ಲ. 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಸರಣಿಯ ಎರಡನೆಯ ಭಾಗದ ಕಥೆಯನ್ನು ಒಪ್ಪದ ಕೆಲವರು, ಅದರ ಒಂದು ಪಾತ್ರಕ್ಕೆ ದನಿ ಕೊಟ್ಟ ಕಲಾವಿದೆ ಲಾರಾ ಬೇಯ್ಲಿ ಅವರಿಗೆ ಕೊಲೆ ಬೆದರಿಕೆ ಹಾಕಿದರು. ಕಥೆಯನ್ನು ಬರೆಯದ, ಬರೆದುಕೊಟ್ಟ ಮಾತನ್ನು ಶ್ರದ್ಧೆಯಿಂದ ಆಡಿದ ಕಲಾವಿದೆಯೊಬ್ಬರ ಮೇಲೆ ಹರಿದ ಆ ಸಿಟ್ಟು ಅಭಿಮಾನದ ಯಾವ ವ್ಯಾಖ್ಯೆಯೊಳಗೂ ಬರಲಾರದು. ದತ್ತಿ ಸಂಗ್ರಹಿಸಿ ಅಸಮಾಧಾನ ಹೇಳಿದವರ ಪ್ರಶ್ನೆಗೆ ಸಂಸ್ಥೆಯೊಂದು ಉತ್ತರ ಕೊಡಬೇಕಾಯಿತು. ಬೆದರಿಕೆ ಹಾಕಿದವರಾದರೋ ತಮ್ಮ ಪ್ರಶ್ನೆಯನ್ನೂ ಕಳೆದುಕೊಂಡರು. ಸಿನಿಮಾ ನಟರ ಹೆಸರಿನಲ್ಲಿ ಅಭಿಮಾನಿಗಳು ಪರಸ್ಪರ ಕೆಸರೆರಚಿಕೊಳ್ಳುವುದನ್ನು ಕಂಡಿರುವ ಕನ್ನಡಿಗರಿಗೆ ಈ ವ್ಯತ್ಯಾಸವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಈ ಚರ್ಚೆ ಬೆಂಗಳೂರಿಗೆ ದೂರದ್ದೂ ಅಲ್ಲ. ಭಾರತದಲ್ಲಿ ಗೇಮ್ ತಯಾರಿಕೆಯ ಮೊದಲ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ ಅನ್ನು ರಾಜೇಶ್ ರಾವ್ ಇಲ್ಲಿಯೇ 1997ರಲ್ಲಿ ಕಟ್ಟಿದರು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ಕರ್ನಾಟಕ ಸರ್ಕಾರ ಪ್ರತ್ಯೇಕ ನೀತಿಯನ್ನು ರೂಪಿಸಿದ್ದು, ‘ಮಾಸ್ ಎಫೆಕ್ಟ್’ ವಿವಾದ ಎದ್ದ 2012ರಲ್ಲೇ. ಇಲ್ಲಿನ ಕಲಾವಿದರು ಬಹುಕಾಲ ಹೊರದೇಶದ ಕಥೆಗಳಿಗೆ ಚಿತ್ರ ಬಿಡಿಸುವ, ಲೋಕ ಕಟ್ಟುವ ಕೆಲಸ ಮಾಡುತ್ತ ಬಂದಿದ್ದಾರೆ. ಕೈಚಳಕಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಸ್ವಂತ ಕಥೆಗೆ. ಪಂಪ, ರನ್ನ, ಕುಮಾರವ್ಯಾಸರು ಒಂದೇ ಕಥೆಗೆ ಮೂರು ಮುಕ್ತಾಯಗಳನ್ನು ಕಟ್ಟಿ, ಮೂರನ್ನೂ ನಂಬುವಂತೆ ಮಾಡಿದ ನುಡಿಯಲ್ಲಿ, ಆಟಗಾರರ ಆಯ್ಕೆಗೆ ತಕ್ಕಂತೆ ಮುಕ್ತಾಯ ಬದಲಾಗುವ ಗೇಮನ್ನು ಕಟ್ಟಲು ಬೇಕಾದ ವಿದ್ಯೆ ಹೊಸದಾಗಿ ಆಮದಾಗಬೇಕಿಲ್ಲ. ಗೇಮ್ ಬರೆಯಲು ಹೊರಡುವ ಬಾಪೂಜಿ ನಗರದ, ವಿಜಯನಗರದ, ಕೆಂಗೇರಿಯ ತರುಣ ತರುಣಿಯರು ಆ ಮೂರು ಕಾವ್ಯಗಳ ಕೊನೆಯ ಭಾಗಗಳನ್ನು ಒಮ್ಮೆಯಾದರೂ ಜೊತೆಯಾಗಿಟ್ಟು ಓದಬೇಕು. ಮನೆಯ ಹಿರಿಯರು, ಗೇಮ್ ಮುಗಿಸಿ ಮುಖ ಬಾಡಿಸಿಕೊಂಡ ಮಕ್ಕಳನ್ನು ಗದರಿಸುವ ಮೊದಲು, ಆ ಕಥೆ ಎಲ್ಲಿ ತಪ್ಪಿತೆಂದು ಕೇಳಬೇಕು. ಕಥೆಯನ್ನು ಎಲ್ಲಿಗೆ ಒಯ್ಯಬೇಕೆಂಬ ಸ್ವಾತಂತ್ರ್ಯ ಕಥೆಗಾರರದ್ದೇ; ಆದರೆ ದಾರಿಯುದ್ದಕ್ಕೂ ಜೊತೆಗೆ ನಡೆದವರ ಹೆಜ್ಜೆಗಳನ್ನು ಕೊನೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವರು ತೀರಿಸಲೇಬೇಕಾದ ಋಣ.