ಕಾರ್ಖಾನೆ ಊರಿನ ಕಂಬನಿ

2025ರ ಜುಲೈ 30ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬ್ರಾಡ್ ಸ್ಟ್ರೀಟಿನ ಇಕ್ಕೆಲಗಳಲ್ಲಿ ಸಾವಿರಾರು ಜನ ಒಂದು ಶವವಾಹನಕ್ಕಾಗಿ ಕಾದು ನಿಂತಿದ್ದರು. ಅದು ಹೊತ್ತು ತಂದದ್ದು ಜುಲೈ 22ರಂದು ತಮ್ಮ 76ನೇ ವಯಸ್ಸಿನಲ್ಲಿ ನಿಧನರಾದ ರಾಕ್ ಗಾಯಕ ಆಜಿ ಆಸ್ಬೋರ್ನ್ ಅವರ ಪಾರ್ಥಿವ ಶರೀರವನ್ನು. ಮುಂದೆ ಹಿತ್ತಾಳೆ ವಾದ್ಯಗಳ ತಂಡವೊಂದು ಅವರದೇ ಹಾಡುಗಳನ್ನು ನುಡಿಸುತ್ತ ಸಾಗಿತ್ತು. ಕಾಲುವೆಯ ಮೇಲಿನ ‘ಬ್ಲ್ಯಾಕ್ ಸಬತ್ ಸೇತುವೆ’ಯ ಬಳಿ ಹೂಗುಚ್ಛಗಳು, ಪತ್ರಗಳು, ಭಾವಚಿತ್ರಗಳು ರಾಶಿಯಾಗಿ ಬಿದ್ದಿದ್ದವು. ಕುಟುಂಬದವರು ಅಲ್ಲಿ ಇಳಿದು, ಅಭಿಮಾನಿಗಳು ಬರೆದಿಟ್ಟಿದ್ದನ್ನು ಓದಿದರು.

ನಾನು ಈ ಸಂಗೀತದ ಶ್ರೋತೃವಲ್ಲ. ಹಿಂದೂಸ್ತಾನಿ ಗಾಯನಕ್ಕೆ ಒಗ್ಗಿದ ಕಿವಿಗೆ ಅದರ ಅಬ್ಬರ ಹೆಚ್ಚೆಂದೇ ತೋರುತ್ತದೆ. ಆದರೆ ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದವನಿಗೆ ಆ ದಿನದ ಶೋಕ ಬೇರೊಂದು ಕಾರಣಕ್ಕೆ ಮುಖ್ಯವೆನಿಸುತ್ತದೆ. ಒಂದು ಊರು ತನ್ನವನೊಬ್ಬನನ್ನು ಹೇಗೆ ನೆನೆಯುತ್ತದೆ ಎಂಬುದು ಆ ಊರು ತನ್ನನ್ನು ತಾನು ಏನೆಂದು ತಿಳಿದಿದೆ ಎಂಬುದರ ಲಕ್ಷಣವೂ ಹೌದು.

‘ಸಾವಿರ ಕಸುಬುಗಳ ನಗರ’ವೆಂದು ಹೆಸರಾಗಿದ್ದ ಊರು ಬರ್ಮಿಂಗ್‌ಹ್ಯಾಮ್. ಅಲ್ಲಿನ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ, ಆರು ಮಕ್ಕಳ ಕುಟುಂಬದಲ್ಲಿ ಆಜಿ ಬೆಳೆದರು. ತಂದೆ ಉಪಕರಣ ತಯಾರಕರು, ತಾಯಿ ಕಾರ್ಖಾನೆಯ ಕೆಲಸಗಾರ್ತಿ. ಹದಿನೈದಕ್ಕೇ ಶಾಲೆ ಬಿಟ್ಟ ಹುಡುಗ ಕಾರಿನ ಹಾರ್ನುಗಳ ಸ್ವರ ಸರಿಪಡಿಸುವ ಕೆಲಸ ಮಾಡಿದ, ಕಸಾಯಿಖಾನೆಯಲ್ಲಿ ದುಡಿದ, ಕಳವಿಗಾಗಿ ಕೆಲವು ವಾರ ಸೆರೆಮನೆಯನ್ನೂ ಕಂಡ. ಅವರ ಸಂಗಾತಿ ಟೋನಿ ಅಯೋಮಿ ತಗಡು ಕಾರ್ಖಾನೆಯಲ್ಲಿ ತಮ್ಮ ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಲುಕಿ ಎರಡು ಬೆರಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು ಗಿಟಾರ್ ಹಿಡಿದರು; ನೋವು ತಗ್ಗಿಸಲು ತೆಳುವಾದ ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಆ ತಗ್ಗಿದ, ಭಾರವಾದ ನಾದವೇ ‘ಹೆವಿ ಮೆಟಲ್’ ಎಂಬ ಪ್ರಕಾರದ ಗುರುತಾಯಿತು. 1970ರ ಫೆಬ್ರುವರಿ 13ರಂದು ಹೊರಬಂದ ಬ್ಲ್ಯಾಕ್ ಸಬತ್ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಕಾರ್ಖಾನೆಯ ಸದ್ದು ಇದೆಯೆಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಅಭಿಮಾನಿಗಳ ನೆನಪುಗಳನ್ನು ಪತ್ರಿಕೆಗಳಲ್ಲಿ ಓದುವಾಗ ಎದ್ದು ಕಾಣುವುದು ಈ ನಂಟೇ. ತಾರೆಯ ವೈಭವಕ್ಕಿಂತ ಹೆಚ್ಚಾಗಿ ‘ನಮ್ಮವನು’ ಎಂಬ ಮಾತು. ತಂದೆಯಿಂದ ಈ ಹಾಡು ಕಲಿತವರು ತಮ್ಮ ಮಕ್ಕಳನ್ನು ಕರೆತಂದಿದ್ದರು. ಕಲೆಯೆಂಬುದು ಓದಿದವರ, ಉಳ್ಳವರ ಸೊತ್ತೆಂದು ನಂಬಿದ್ದ ಮನೆಗಳಿಗೆ ಪಕ್ಕದ ಬೀದಿಯ ಹುಡುಗ ಲೋಕವನ್ನು ಗೆದ್ದದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ವಿಶೇಷ, ಈ ನೆನಪುಗಳಲ್ಲಿ ದೈವೀಕರಣವಿಲ್ಲ. ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕೆಂಬುದು ನಮ್ಮ ರೂಢಿ. ಆಜಿಯವರ ಬದುಕಾದರೋ ಮುಚ್ಚಿಡಲಾಗದಷ್ಟು ಬಹಿರಂಗ. 1982ರಲ್ಲಿ ವೇದಿಕೆಗೆ ಎಸೆದ ಬಾವಲಿಯನ್ನು ರಬ್ಬರಿನದೆಂದು ಭಾವಿಸಿ ಕಚ್ಚಿ, ರೇಬೀಸ್ ಚುಚ್ಚುಮದ್ದು ಪಡೆದದ್ದು ನಗೆಯ ಪ್ರಸಂಗವಾಗಿ ಉಳಿಯಿತು. ಆದರೆ 1989ರಲ್ಲಿ ಅಮಲಿನಲ್ಲಿ ಪತ್ನಿಯ ಕತ್ತು ಹಿಸುಕಲು ಹೋಗಿ ಬಂಧಿತರಾದದ್ದು ನಗುವ ವಿಷಯವಲ್ಲ. ಆಕೆ ದೂರು ಮುಂದುವರಿಸಲಿಲ್ಲ, ದಾಂಪತ್ಯ ಉಳಿಯಿತು. ಮಾದಕ ವ್ಯಸನದೊಡನೆ ಅವರು ನಡೆಸಿದ ದೀರ್ಘ ಹೋರಾಟದಲ್ಲಿ ವ್ಯಸನಿಗಳೂ ಅವರ ಮನೆಯವರೂ ತಮ್ಮ ಕಥೆಯನ್ನು ಕಂಡರು. ತಪ್ಪುಗಳನ್ನು ಅಳಿಸಿದ ಸ್ಮರಣೆ ಅವರಿಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಈಗ ಆಡಳಿತದ ಮಾತು. ಬರ್ಮಿಂಗ್‌ಹ್ಯಾಮ್ ನಗರಾಡಳಿತ 2023ರ ಸೆಪ್ಟೆಂಬರಿನಲ್ಲಿ ತಾನು ವಸ್ತುತಃ ದಿವಾಳಿಯೆಂದು ಘೋಷಿಸಿಕೊಂಡಿತು. ಬಳಿಕ ಕಲಾಸಂಸ್ಥೆಗಳ ಅನುದಾನಕ್ಕೂ ಕತ್ತರಿ ಬಿತ್ತು. ಮೆರವಣಿಗೆ ಸಾಗಿದ ದಿನಗಳಲ್ಲಿ ಕಸ ಸಾಗಿಸುವವರ ಮುಷ್ಕರವೂ ನಡೆದಿತ್ತು. ಅಂತಿಮ ಯಾತ್ರೆಯ ವೆಚ್ಚವನ್ನು ಆಸ್ಬೋರ್ನ್ ಕುಟುಂಬವೇ ಭರಿಸಿತು. ಆದರೂ ನಗರಾಡಳಿತ ತನ್ನ ಪಾಲಿನದನ್ನು ಮಾಡಿತ್ತು. 2019ರಲ್ಲೇ ಸೇತುವೆಗೆ ತಂಡದ ಹೆಸರಿಟ್ಟು, ಅಲ್ಲೊಂದು ಬೆಂಚು ಹಾಕಲಾಗಿತ್ತು. 2025ರ ಜೂನ್‌ನಲ್ಲಿ ನಗರಾಡಳಿತ ನಾಲ್ವರಿಗೂ ಪೌರ ಗೌರವ ನೀಡಿತು. ಅದೇ ತಿಂಗಳು ನಗರದ ವಸ್ತುಸಂಗ್ರಹಾಲಯದಲ್ಲಿ ಆರಂಭವಾದ ಆಜಿ ಪ್ರದರ್ಶನದ ಬಳಿಯೇ ಸಂತಾಪ ಪುಸ್ತಕವನ್ನು ಇಡಲಾಯಿತು. ದುಃಖಕ್ಕೆ ನೆಲೆಯೊಂದು ಮೊದಲೇ ಸಿದ್ಧವಿದ್ದುದರಿಂದ ಜನ ಎಲ್ಲಿ ಸೇರಬೇಕೆಂದು ತಡಕಾಡಲಿಲ್ಲ.

ಬದುಕಿರುವಾಗಲೇ ಸಲ್ಲಿಸಿದ ಗೌರವದ ಬೆಲೆ ದೊಡ್ಡದು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದ ಆಜಿ, ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಸಿಂಹಾಸನದಂಥ ಆಸನದಲ್ಲಿ ಕುಳಿತು ಹಾಡಿ ವಿದಾಯ ಹೇಳಿದರು. ಬಾಲ್ಯದ ಮನೆಯಿಂದ ಅದು ಹೆಚ್ಚು ದೂರದಲ್ಲಿಲ್ಲ. ಕಛೇರಿಯ ಉಳಿತಾಯ ಮಕ್ಕಳ ಆಸ್ಪತ್ರೆ, ಮಕ್ಕಳ ಉಪಶಮನ ಆರೈಕೆ ಮತ್ತು ಪಾರ್ಕಿನ್ಸನ್ ಸಂಶೋಧನೆಗೆ ಮೀಸಲಾಗಿತ್ತು. ಅಂದು ಅವರಿಗೆ ನಮಿಸಿ ನುಡಿಸಿದ ತಂಡಗಳಲ್ಲಿ ಮೆಟಾಲಿಕಾ ಕೂಡ ಒಂದು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡವನ್ನು ಕೇಳಿದ ನಮ್ಮ ಯುವಕರಿಗೂ ಆಸ್ಟನ್ನಿನ ಋಣ ಸ್ವಲ್ಪ ಇದೆ.

ಋಣವೆಂದಾಗ ಮಾರ್ಷಲ್ ನೆನಪಾಗುತ್ತಾನೆ. ಒಂದು ಸರಕಿಗೆ ನಾವು ಎಷ್ಟು ಕೊಡಲು ಸಿದ್ಧರಿದ್ದೆವೋ, ವಾಸ್ತವವಾಗಿ ಎಷ್ಟು ಕೊಟ್ಟೆವೋ, ಅವುಗಳ ಅಂತರವನ್ನು ಆತ ಅನುಭೋಗಿಯ ಹೆಚ್ಚುವರಿ ಎಂದು ಕರೆದ. ಕೆಲವು ಪೌಂಡುಗಳಿಗೆ ಕೊಂಡ ಧ್ವನಿಮುದ್ರಿಕೆ ಐವತ್ತು ವರ್ಷ ಜೊತೆಗಿದ್ದರೆ ಆ ಹೆಚ್ಚುವರಿಯನ್ನು ಲೆಕ್ಕ ಹಾಕುವುದು ಹೇಗೆ? ಅದು ಯಾವ ರಾಷ್ಟ್ರೀಯ ವರಮಾನದ ಅಂಕಿಅಂಶದಲ್ಲೂ ಸೇರುವುದಿಲ್ಲ. ಸೇತುವೆಯ ಮೇಲೆ ನಿಂತವರು ಆ ಬಾಕಿಯನ್ನೇ ಸಲ್ಲಿಸುತ್ತಿದ್ದರು. ಅನುದಾನ ಕಡಿತದ ಕಡತಕ್ಕೆ ಸಹಿ ಹಾಕುವವರು, ಬರ್ಮಿಂಗ್‌ಹ್ಯಾಮಿನಲ್ಲಿರಲಿ ಬೇರೆಲ್ಲೇ ಇರಲಿ, ಆ ಸಂತಾಪ ಪುಸ್ತಕವನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.