ನಿಮಗಿದು ಗೊತ್ತೆ? ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಏಕೆ?

ಡ್ರ್ಯಾಗ್ ರೇಸಿನ ಕಾರುಗಳಲ್ಲಿ ‘ಲೈನ್ ಲಾಕ್’ ಎಂಬ ವಿದ್ಯುತ್ ವಾಲ್ವ್ ಮುಂದಿನ ಗಾಲಿಗಳ ಬ್ರೇಕನ್ನಷ್ಟೇ ಹಿಡಿದಿಡುತ್ತದೆ. ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿ ಟೈರು ಕಾಯುತ್ತದೆ. 2015ರ ಫೋರ್ಡ್ ಮಸ್ಟ್ಯಾಂಗ್ ಜಿಟಿಗೆ ಇದು ಕಂಪನಿಯಿಂದಲೇ ಬಂತು.

ಹೀಗೆ ಒಂದು ಗಾಲಿ ಹಿಡಿದು ಇನ್ನೊಂದನ್ನು ಓಡಿಸುವ ಜಾಣ್ಮೆ ಟ್ರ್ಯಾಕ್ಟರಿನಲ್ಲೂ ಇದೆ; ಅದು ಬೈಲಹೊಂಗಲ, ಸವದತ್ತಿಯ ಎರಿಹೊಲಗಳಲ್ಲಿ ನಿತ್ಯದ್ದು. ಬಹುತೇಕ ಟ್ರ್ಯಾಕ್ಟರುಗಳ ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಬ್ರೇಕ್ ಪೆಡಲ್. ಎಡದ್ದನ್ನಷ್ಟೇ ತುಳಿದರೆ ‘ಡಿಫರೆನ್ಷಿಯಲ್’ ಎಂಬ ಗೇರು ಜೋಡಣೆ ಬಲಗಾಲಿಯನ್ನು ಓಡಿಸುತ್ತದೆ. ಬದುವಿನಂಚಿನ ಇಕ್ಕಟ್ಟಿನಲ್ಲೂ ಟ್ರ್ಯಾಕ್ಟರ್ ಹೊರಳುತ್ತದೆ.

ಹೊಲದ ಈ ಸೌಲಭ್ಯ ರಸ್ತೆಯಲ್ಲಿ ಜೀವಕ್ಕೇ ಅಪಾಯ. ಕಬ್ಬು ಹೇರಿಕೊಂಡು ಕಿತ್ತೂರು, ರಾಮದುರ್ಗದ ದಾರಿ ಹಿಡಿಯುವ ಮುನ್ನ ಎರಡೂ ಪೆಡಲ್‌ಗಳನ್ನು ಜೋಡಿಸುವ ಚಿಲಕ ಹಾಕಲೇಬೇಕು. ಮರೆತರೆ ಒಂದೇ ಬದಿ ಬ್ರೇಕ್ ಹಿಡಿದು ಟ್ರ್ಯಾಕ್ಟರ್ ಮಗುಚಬಹುದು.