ಕಲಾ ಚಳವಳಿಗಳ ಆಧಾರದ ಡಿಜಿಟಲ್ ಪ್ಯಾಟರ್ನ್ ಬೋಧನೆ

ಕಲಾ ಚಳವಳಿಗಳ ಆಧಾರದ ಡಿಜಿಟಲ್ ಪ್ಯಾಟರ್ನ್ ಬೋಧನೆ ಎಂಬುದು ಕಲಾ ಇತಿಹಾಸದ ಒಂದು ಚಳವಳಿಯನ್ನು ಅಧ್ಯಯನ ಮಾಡಿಸಿ, ಅದರ ತತ್ತ್ವಗಳಿಗೆ ಅನುಗುಣವಾಗಿ ಗಣಕಯಂತ್ರದಲ್ಲಿ ಪುನರಾವರ್ತಿತ ವಿನ್ಯಾಸಗಳನ್ನು ರಚಿಸಲು ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮವಾಗಿದೆ. ಬಟ್ಟೆ, ಗೋಡೆ ಕಾಗದ, ನೆಲದ ಹಂಚು, ಪುಸ್ತಕದ ರಕ್ಷಾಪುಟ ಮೊದಲಾದವುಗಳಲ್ಲಿ ಇಂತಹ ವಿನ್ಯಾಸಗಳು ಬಳಕೆಯಾಗುತ್ತವೆ. ಗಣಕಯಂತ್ರವು ಒಂದು ಆಕೃತಿಯನ್ನು ಕ್ಷಣಮಾತ್ರದಲ್ಲಿ ಸಾವಿರ ಬಾರಿ ಪುನರಾವರ್ತಿಸಬಲ್ಲದು. ಆದರೆ ಯಾವ ಆಕೃತಿಯನ್ನು ಯಾವ ನಿಯಮದಂತೆ ಪುನರಾವರ್ತಿಸಬೇಕು ಎಂಬುದನ್ನು ವಿನ್ಯಾಸ ಮಾಡುವವರೇ ನಿರ್ಧರಿಸಬೇಕಾಗುತ್ತದೆ. ಈ ನಿರ್ಧಾರಕ್ಕೆ ಬೇಕಾದ ದೃಷ್ಟಿಯನ್ನು ಬೆಳೆಸುವುದೇ ಈ ಬೋಧನೆಯ ಮುಖ್ಯ ಉದ್ದೇಶ.

ಪ್ಯಾಟರ್ನಿನ ರಚನೆ

ಪ್ರತಿಯೊಂದು ಪ್ಯಾಟರ್ನಿನಲ್ಲಿಯೂ ಎರಡು ಅಂಶಗಳಿರುತ್ತವೆ: ಪುನರಾವರ್ತನೆಗೊಳ್ಳುವ ಮೂಲ ಘಟಕ ಮತ್ತು ಆ ಘಟಕವನ್ನು ಜೋಡಿಸುವ ನಿಯಮ. ಘಟಕಗಳನ್ನು ಸಾಲಾಗಿ ಪಕ್ಕಪಕ್ಕದಲ್ಲಿ ಇರಿಸುವುದು ಅತ್ಯಂತ ಸರಳ ಕ್ರಮ. ಪ್ರತಿ ಎರಡನೆಯ ಅಡ್ಡಸಾಲನ್ನು ಘಟಕದ ಅರ್ಧ ಅಗಲದಷ್ಟು ಪಕ್ಕಕ್ಕೆ ಸರಿಸಿದರೆ ಇಟ್ಟಿಗೆ ಜೋಡಣೆ ದೊರೆಯುತ್ತದೆ. ಪ್ರತಿ ಎರಡನೆಯ ಕಂಬಸಾಲನ್ನು ಅರ್ಧ ಎತ್ತರದಷ್ಟು ಕೆಳಗಿಳಿಸುವ ಕ್ರಮಕ್ಕೆ ಹಾಫ್ ಡ್ರಾಪ್ ಎನ್ನುತ್ತಾರೆ. ಇದರಲ್ಲಿ ಘಟಕಗಳ ನಡುವಿನ ಗೆರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಬಟ್ಟೆ ಮತ್ತು ಗೋಡೆ ಕಾಗದಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ.

ಸ್ಥಾನಾಂತರ, ಪರಿಭ್ರಮಣ, ಪ್ರತಿಫಲನ ಮತ್ತು ಜಾರು ಪ್ರತಿಫಲನ ಎಂಬ ನಾಲ್ಕು ಕ್ರಿಯೆಗಳಿಂದ ಸಮಮಿತಿಯು ಉಂಟಾಗುತ್ತದೆ. ಸಮತಲದಲ್ಲಿ ಎರಡು ದಿಕ್ಕುಗಳಿಗೂ ಪುನರಾವರ್ತನೆಗೊಳ್ಳುವ ಎಲ್ಲ ಪ್ಯಾಟರ್ನುಗಳೂ 17 ಸಮಮಿತಿ ವರ್ಗಗಳಲ್ಲಿ ಅಡಕವಾಗುತ್ತವೆ ಎಂಬುದನ್ನು ರಷ್ಯಾದ ಯೆವ್‌ಗ್ರಾಫ್ ಫೆಡೊರೊವ್ 1891ರಲ್ಲಿ ಸಾಧಿಸಿದರು. 1924ರಲ್ಲಿ ಗಣಿತಜ್ಞ ಜಾರ್ಜ್ ಪೋಲ್ಯ ಇದೇ ಫಲಿತಾಂಶವನ್ನು ಸ್ವತಂತ್ರವಾಗಿ ನಿರೂಪಿಸಿದರು.

ಹಿನ್ನೆಲೆ

ಅಲಂಕಾರ ಕಲೆಯನ್ನು ತತ್ತ್ವಗಳ ಮೂಲಕ ಕಲಿಸುವ ಪ್ರಯತ್ನ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಇಂಗ್ಲೆಂಡಿನ ಓವೆನ್ ಜೋನ್ಸ್ 1856ರಲ್ಲಿ ಪ್ರಕಟಿಸಿದ 'ದಿ ಗ್ರಾಮರ್ ಆಫ್ ಆರ್ನಮೆಂಟ್' ಗ್ರಂಥದಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ ಅಲಂಕಾರಗಳನ್ನು ಸಂಗ್ರಹಿಸಿ, 37 ಸೂತ್ರಗಳನ್ನು ನೀಡಿದರು. ಹಿಂದಿನವರ ಕೃತಿಗಳಲ್ಲಿರುವ ತತ್ತ್ವಗಳನ್ನು ಗ್ರಹಿಸಬೇಕೇ ಹೊರತು ಆಕೃತಿಗಳನ್ನು ಹಾಗೆಯೇ ಎತ್ತಿಕೊಳ್ಳಬಾರದೆಂಬುದು ಅವರ ನಿಲುವಾಗಿತ್ತು.

ಡಚ್ ಕಲಾವಿದ ಎಂ. ಸಿ. ಎಷರ್ ಅವರ ಸಾಧನೆ ಈ ನಿಲುವಿಗೆ ಉತ್ತಮ ನಿದರ್ಶನ. ಸ್ಪೇನಿನ ಅಲ್ಹಂಬ್ರ ಅರಮನೆಯ ಹಂಚಿನ ವಿನ್ಯಾಸಗಳನ್ನು 1936ರಲ್ಲಿ ಕೈಯಿಂದ ಪ್ರತಿ ಮಾಡಿಕೊಂಡ ಅವರು, ಪೋಲ್ಯ ಅವರ ಲೇಖನವನ್ನೂ ಅಭ್ಯಸಿಸಿದರು. ಬಳಿಕ ಅದೇ ನಿಯಮಗಳಿಂದ ಹಕ್ಕಿ, ಮೀನು, ಹಲ್ಲಿಗಳು ಒಂದಕ್ಕೊಂದು ಹೊಂದಿಕೊಳ್ಳುವ ತಮ್ಮದೇ ವಿನ್ಯಾಸಗಳನ್ನು ರಚಿಸಿದರು.

ಪ್ರಮುಖ ಚಳವಳಿಗಳು

ಆರ್ಟ್ಸ್ ಅಂಡ್ ಕ್ರಾಫ್ಟ್ಸ್: ಯಂತ್ರೋತ್ಪಾದನೆಯಿಂದ ಕುಶಲಕಲೆಯ ಗುಣಮಟ್ಟ ಕುಸಿಯುತ್ತಿದೆಯೆಂಬ ಅಸಮಾಧಾನದಿಂದ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಚಳವಳಿ ಬೆಳೆಯಿತು. ಇದರ ಪ್ರಮುಖರಾದ ವಿಲಿಯಂ ಮಾರಿಸ್ (1834–1896) 1883ರಲ್ಲಿ ರಚಿಸಿದ 'ಸ್ಟ್ರಾಬೆರಿ ಥೀಫ್' ವಿನ್ಯಾಸದಲ್ಲಿ ಎದುರುಬದುರಾದ ಹಕ್ಕಿಗಳ ಜೋಡಿಗಳು, ಎಲೆ, ಹೂ ಮತ್ತು ಹಣ್ಣುಗಳು ಹೆಣೆದುಕೊಂಡಿವೆ. ತಮ್ಮ ತೋಟದ ಹಣ್ಣುಗಳನ್ನು ಕದಿಯುತ್ತಿದ್ದ ಹಕ್ಕಿಗಳೇ ಇದಕ್ಕೆ ಪ್ರೇರಣೆ. ಸುತ್ತಲಿನ ಗಿಡಮರಗಳನ್ನು ಕಣ್ಣಾರೆ ನೋಡಿ ಬರೆಯುವುದು ಈ ಚಳವಳಿಯಿಂದ ದೊರೆಯುವ ಮೊದಲ ಪಾಠ. ಯಂತ್ರದ ಅವಸರವನ್ನು ಪ್ರಶ್ನಿಸಿದ ಚಳವಳಿಯನ್ನು ಯಂತ್ರದ ಮೂಲಕವೇ ಕಲಿಸುವಾಗ ಉಂಟಾಗುವ ವಿರೋಧಾಭಾಸವು ತರಗತಿಯ ಚರ್ಚೆಗೆ ಒಳ್ಳೆಯ ವಿಷಯವಾಗಬಲ್ಲದು.

ಡಿ ಸ್ಟೈಲ್: ನೆದರ್ಲೆಂಡ್ಸಿನಲ್ಲಿ 1917ರಲ್ಲಿ ಆರಂಭವಾದ ಈ ಚಳವಳಿಯ ಪ್ರಮುಖ ಚಿತ್ರಕಾರ ಪೀಟ್ ಮಾಂಡ್ರಿಯನ್. ಕಪ್ಪು ಗೆರೆಗಳು ಮತ್ತು ಕೆಂಪು, ಹಳದಿ, ನೀಲಿ ಚೌಕಗಳಿಂದಾದ ಅವರ ಚಿತ್ರಗಳನ್ನು ತುಂಡರಿಸಿ ಪುನರಾವರ್ತಿಸುವುದು ವಿದ್ಯಾರ್ಥಿಗಳಿಗೆ ಸುಲಭವೆನಿಸುತ್ತದೆ. ಆದರೆ ಈ ಚಿತ್ರಗಳ ಜೀವಾಳ ಅಸಮ ಭಾಗಗಳ ನಡುವಿನ ಸಮತೋಲನ. 1919ರ ಸುಮಾರಿಗೆ ಕ್ರಮಬದ್ಧ ಚೌಕುಳಿಗಳ ಚಿತ್ರಗಳನ್ನು ರಚಿಸಿದ ಮಾಂಡ್ರಿಯನ್ ಅನಂತರ ಆ ದಾರಿಯನ್ನು ಬಿಟ್ಟರು. 1965ರಲ್ಲಿ ಈವ್ ಸೇಂಟ್ ಲಾರೆಂಟ್ ರೂಪಿಸಿದ ಪ್ರಸಿದ್ಧ ಉಡುಪುಗಳಲ್ಲಿಯೂ ಬಣ್ಣದ ಬಟ್ಟೆಯ ತುಂಡುಗಳನ್ನು ಜೋಡಿಸಿ ಇಡೀ ಉಡುಪನ್ನು ಒಂದೇ ಸಂಯೋಜನೆಯನ್ನಾಗಿ ಮಾಡಲಾಗಿತ್ತು. ಎಲ್ಲ ಕಲೆಯೂ ಪುನರಾವರ್ತನೆಗೆ ಒಗ್ಗುವುದಿಲ್ಲವೆಂಬುದು ಇಲ್ಲಿನ ಪಾಠ.

ಬೌಹೌಸ್: ವಾಲ್ಟರ್ ಗ್ರೋಪಿಯಸ್ 1919ರಲ್ಲಿ ಜರ್ಮನಿಯ ವೈಮರ್ ನಗರದಲ್ಲಿ ಸ್ಥಾಪಿಸಿದ ಈ ಶಾಲೆ 1933ರವರೆಗೆ ನಡೆಯಿತು. ಇಲ್ಲಿನ ನೇಯ್ಗೆ ಕಾರ್ಯಾಗಾರದಲ್ಲಿ ಗುಂಟಾ ಸ್ಟೋಲ್ಜ್ಲ್, ಆನಿ ಆಲ್ಬರ್ಸ್ ಮೊದಲಾದವರು ಹಾಸು ಮತ್ತು ಹೊಕ್ಕುಗಳ ಮಿತಿಯಿಂದಲೇ ಜ್ಯಾಮಿತೀಯ ವಿನ್ಯಾಸಗಳನ್ನು ಹುಟ್ಟಿಸಿದರು. ಮಗ್ಗದ ನೂಲುಗಳಂತೆಯೇ ಪರದೆಯ ಪಿಕ್ಸೆಲ್ಲುಗಳೂ ಚೌಕಳಿಯಲ್ಲಿ ಇರುವುದರಿಂದ ಮಾಧ್ಯಮದ ಮಿತಿಯನ್ನು ಅರಿಯಲು ಈ ಹೋಲಿಕೆ ಸಹಾಯಕ.

ಆಪ್ ಆರ್ಟ್: ಬ್ರಿಟನ್ನಿನ ಬ್ರಿಜೆಟ್ ರೈಲಿ ಅವರ 'ಮೂವ್‌ಮೆಂಟ್ ಇನ್ ಸ್ಕ್ವೇರ್ಸ್' (1961) ಚಿತ್ರದಲ್ಲಿ ಕಪ್ಪು ಬಿಳುಪು ಚೌಕಗಳ ಅಗಲ ಹಂತಹಂತವಾಗಿ ಕಿರಿದಾಗುತ್ತ ಸಮತಲವೇ ಬಾಗಿದಂತೆ ತೋರುತ್ತದೆ. ಘಟಕವನ್ನು ಬದಲಿಸದೆ ಪುನರಾವರ್ತಿಸುವುದಕ್ಕೂ ಸಂಖ್ಯಾನಿಯಮದಂತೆ ಬದಲಿಸುತ್ತ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಇದು ತೋರಿಸುತ್ತದೆ. ಇಂತಹ ವಿನ್ಯಾಸಗಳಿಂದ ಕೆಲವರಿಗೆ ಕಣ್ಣುನೋವು, ತಲೆನೋವು ಉಂಟಾಗಬಹುದಾದ್ದರಿಂದ ಪರದೆಯ ಮೇಲೆ ದೀರ್ಘಕಾಲ ತೋರಿಸುವುದು ಸೂಕ್ತವಲ್ಲ.

ಬೋಧನೆಯ ಹಂತಗಳು

1. ವೀಕ್ಷಣೆ: ಆಯ್ದ ಕೃತಿಯಲ್ಲಿ ಘಟಕ ಯಾವುದು, ಅದು ಎಲ್ಲಿ ಮರಳಿ ಬರುತ್ತದೆ, ಎಷ್ಟು ಬಣ್ಣಗಳಿವೆ ಎಂಬುದನ್ನು ವಿದ್ಯಾರ್ಥಿಗಳು ಗುರುತಿಸುತ್ತಾರೆ.
2. ನಿಯಮ ನಿರೂಪಣೆ: ಕಂಡುಕೊಂಡ ನಿಯಮವನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಯುತ್ತಾರೆ.
3. ಕೈಬರಹ: ತಮ್ಮ ಪರಿಸರದಿಂದ ಆಯ್ದ ವಸ್ತುವೊಂದನ್ನು ಕಾಗದದ ಮೇಲೆ ಚಿತ್ರಿಸುತ್ತಾರೆ.
4. ಅಂಚು ಜೋಡಣೆ: ಚಿತ್ರವನ್ನು ಸ್ಕ್ಯಾನ್ ಮಾಡಿ, ಅರ್ಧ ಅಗಲ ಮತ್ತು ಅರ್ಧ ಎತ್ತರದಷ್ಟು ಸರಿಸುತ್ತಾರೆ. ಆಗ ಅಂಚುಗಳು ನಡುವಿಗೆ ಬರುತ್ತವೆ. ಅಲ್ಲಿ ಕಾಣುವ ಬಿರುಕನ್ನು ಚಿತ್ರಿಸಿ ತುಂಬಿದರೆ ಘಟಕವು ಎಲ್ಲ ಬದಿಗಳಲ್ಲಿಯೂ ಜೋಡು ಕಾಣದಂತೆ ಹೊಂದಿಕೊಳ್ಳುತ್ತದೆ.
5. ಪರೀಕ್ಷೆ: ವಿನ್ಯಾಸವನ್ನು ಚಿಕ್ಕದಾಗಿಸಿ ದೂರದಿಂದ ನೋಡಿ, ಬೇಡವಾದ ಪಟ್ಟೆಗಳು ಅಥವಾ ಖಾಲಿ ಜಾಗಗಳಿದ್ದರೆ ತಿದ್ದುತ್ತಾರೆ.

ತಂತ್ರಾಂಶಗಳು

ಉಚಿತ ಹಾಗೂ ಮುಕ್ತ ತಂತ್ರಾಂಶಗಳಲ್ಲಿ ಇಂಕ್‌ಸ್ಕೇಪ್ 17 ಸಮಮಿತಿ ವರ್ಗಗಳಲ್ಲಿಯೂ ಪ್ರತಿಗಳನ್ನು ಜೋಡಿಸುವ ಸೌಲಭ್ಯ ಹೊಂದಿದೆ. ಜಿಂಪ್‌ನಲ್ಲಿ ಚಿತ್ರವನ್ನು ಸರಿಸುವ ಸಾಧನವಿದೆ. ಕ್ರಿಟಾದಲ್ಲಿ ಚಿತ್ರಿಸುತ್ತಿರುವಾಗಲೇ ಪುನರಾವರ್ತನೆಯನ್ನು ಕಾಣಬಹುದು. ಪ್ರೊಸೆಸಿಂಗ್ ಅಥವಾ ಪೈಥಾನ್ ಭಾಷೆಯ ಟರ್ಟಲ್ ಬಳಸಿದರೆ ನಿಯಮವನ್ನೇ ಪ್ರೋಗ್ರಾಂ ಆಗಿ ಬರೆಯಬಹುದು. ಪರದೆಯ ಬಣ್ಣಗಳು ಬೆಳಕಿನಿಂದಲೂ ಮುದ್ರಣದ ಬಣ್ಣಗಳು ಶಾಯಿಯಿಂದಲೂ ಉಂಟಾಗುವುದರಿಂದ ಎರಡರ ನಡುವೆ ವ್ಯತ್ಯಾಸವಿರುತ್ತದೆ.

ಅನುಕರಣೆ ಮತ್ತು ಹಕ್ಕುಸ್ವಾಮ್ಯ

ಅಭ್ಯಾಸಕ್ಕಾಗಿ ಪ್ರತಿ ಮಾಡುವುದು ಕಲಾ ಶಿಕ್ಷಣದ ಹಳೆಯ ಪದ್ಧತಿ. ಅದನ್ನೇ ಸ್ವಂತ ರಚನೆಯೆಂದು ಹೇಳುವುದು ಅಥವಾ ಅನುಮತಿಯಿಲ್ಲದೆ ಮಾರುವುದು ಬೇರೆಯೇ ವಿಷಯ. 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 'ದಿ ರೆಸ್ಪಾನ್ಸಿವ್ ಐ' ಪ್ರದರ್ಶನ ನಡೆದಾಗ, ರೈಲಿ ಅವರ ಚಿತ್ರಗಳಿಂದ ಎತ್ತಿಕೊಂಡ ವಿನ್ಯಾಸದ ಉಡುಪುಗಳು ಅವರ ಒಪ್ಪಿಗೆಯಿಲ್ಲದೆ ಅಂಗಡಿಗಳಲ್ಲಿ ಕಾಣಿಸಿಕೊಂಡವು. ರೈಲಿ ಇದನ್ನು ಬಹಿರಂಗವಾಗಿ ಪ್ರತಿಭಟಿಸಿದರು.

ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯವು ಸಾಮಾನ್ಯವಾಗಿ ಕಲಾವಿದರ ಜೀವಿತಾವಧಿ ಮತ್ತು ಮರಣಾನಂತರದ 60 ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ಮಾರಿಸ್ ಅವರ ವಿನ್ಯಾಸಗಳನ್ನು ಮುಕ್ತವಾಗಿ ಬಳಸಬಹುದು. ಇತ್ತೀಚಿನ ಕಲಾವಿದರ ಕೃತಿಗಳನ್ನು ಹಾಗೆ ಬಳಸುವಂತಿಲ್ಲ. ಕಲಾವಿದರ ಆಕೃತಿಗಳಿಗೆ ಮಾತ್ರ ಈ ರಕ್ಷಣೆಯಿದೆ. ಚಳವಳಿಯ ಶೈಲಿ ಮತ್ತು ತತ್ತ್ವಗಳು ಎಲ್ಲರಿಗೂ ಸೇರಿದವು.

ಮೌಲ್ಯಮಾಪನ

ಸಿದ್ಧಗೊಂಡ ಚಿತ್ರದ ಅಂದವನ್ನು ಮಾತ್ರ ನೋಡಿದರೆ ತಂತ್ರಾಂಶದ ಚಾತುರ್ಯಕ್ಕೇ ಅಂಕ ನೀಡಿದಂತಾಗುತ್ತದೆ. ಆದಕಾರಣ ಮೊದಲ ರೇಖಾಚಿತ್ರ, ಬರೆದ ನಿಯಮ, ತಿದ್ದಿದ ಪ್ರತಿಗಳು ಮತ್ತು ಮೂಲ ಕಲಾವಿದರ ಉಲ್ಲೇಖ ಇವೆಲ್ಲವನ್ನೂ ಪರಿಗಣಿಸುವುದು ಉಚಿತ. ಮೂಲಕೃತಿಯನ್ನು ತೆಗೆದಿಟ್ಟ ಬಳಿಕವೂ ವಿದ್ಯಾರ್ಥಿಯು ಅದೇ ತತ್ತ್ವದಿಂದ ಮತ್ತೊಂದು ವಿನ್ಯಾಸವನ್ನು ರಚಿಸಬಲ್ಲನೇ ಅಥವಾ ರಚಿಸಬಲ್ಲಳೇ ಎಂಬುದು ಕಲಿಕೆಯ ಮುಖ್ಯ ಅಳತೆಗೋಲಾಗಿದೆ.